ಹುಟ್ಟದವರ ಪರವಾಗಿ ಲೆಕ್ಕ ಕೇಳುವವರು

ತಂದೆತಾಯಿಯನ್ನು ಕಳೆದುಕೊಂಡ ಐದು ವರ್ಷದ ಮಗುವಿನ ಹೆಸರಿನಲ್ಲಿ ಒಂದು ಮನೆಯೂ ಒಂದಿಷ್ಟು ಜಮೀನೂ ಇದೆ ಎಂದುಕೊಳ್ಳೋಣ. ಆ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯ ಒಬ್ಬ ಪೋಷಕನನ್ನು ನೇಮಿಸುತ್ತದೆ. ಜಮೀನಿನಿಂದ ಬರುವ ಆದಾಯವನ್ನು ಅವನು ಮಗುವಿನ ಊಟ, ಬಟ್ಟೆ, ಓದಿಗೆ ಬಳಸಬಹುದು. ಜಮೀನನ್ನೇ ಮಾರಬೇಕೆಂದರೆ ನ್ಯಾಯಾಲಯದ ಅನುಮತಿ ಪಡೆಯಬೇಕು, ಕೇಳಿದಾಗ ಖರ್ಚುವೆಚ್ಚದ ಲೆಕ್ಕ ಒಪ್ಪಿಸಬೇಕು, ಮಗು ಪ್ರಾಪ್ತ ವಯಸ್ಸಿಗೆ ಬಂದಾಗ ಉಳಿದುದನ್ನೆಲ್ಲ ಅದರ ವಶಕ್ಕೆ ಕೊಡಬೇಕು. ವಿವರಗಳು ಬೇರೆಯಾದರೂ ಇಂಥ ಏರ್ಪಾಡು ಜಗತ್ತಿನ ಬಹುತೇಕ ಕಾನೂನು ವ್ಯವಸ್ಥೆಗಳಲ್ಲಿದೆ. ಆ ಮಗುವಿಗೆ ತನ್ನ ಹಕ್ಕು ಏನೆಂದು ಗೊತ್ತಿಲ್ಲ, ಸಹಿ ಹಾಕಲು ಬರುವುದಿಲ್ಲ, ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲ. ಹಾಗೆಂದು ಅದಕ್ಕೆ ಹಕ್ಕೇ ಇಲ್ಲವೆಂದು ಯಾರೂ ವಾದಿಸುವುದಿಲ್ಲ. ರೋಮನ್ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗರ್ಭದಲ್ಲಿರುವ ಶಿಶುವಿಗೆ ಲಾಭವಾಗುವ ಸಂದರ್ಭಗಳಲ್ಲಿ ಅದು ಆಗಲೇ ಹುಟ್ಟಿದೆ ಎಂದೇ ಪರಿಗಣಿಸುತ್ತಿತ್ತು.

ಹಾಗಿರುವಾಗ ಒಂದು ತುಂಡು ಜಮೀನಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಕಾನೂನು, ಉಸಿರಾಡುವ ಗಾಳಿ, ಸಮುದ್ರದ ಮಟ್ಟ, ಮಳೆಯ ಕ್ರಮ ಇವುಗಳ ವಿಷಯಕ್ಕೆ ಬಂದಾಗ ಏಕೆ ಇಷ್ಟೊಂದು ತಡವರಿಸುತ್ತದೆ ಎಂಬುದೇ ಈ ಉಪನ್ಯಾಸದ ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಪೀಳಿಗೆಗಳಿಗೆ ಹಕ್ಕು ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿ ನಾವು ಬಹಳ ಕಾಲ ಕಳೆದಿದ್ದೇವೆ. ನಿಜವಾದ ಕೊರತೆ ಬೇರೆ ಕಡೆ ಇದೆ: ಲೆಕ್ಕ ಕೇಳುವ ಅಧಿಕಾರ ಯಾರಿಗೂ ಇಲ್ಲ, ಕೇಳಿದರೂ ತೋರಿಸಲು ಲೆಕ್ಕದ ಪುಸ್ತಕವೇ ಇಲ್ಲ. ಕಳೆದ ಮೂರು ದಶಕಗಳಲ್ಲಿ ಈ ಎರಡರಲ್ಲಿ ಒಂದನ್ನಾದರೂ ಒದಗಿಸಿದ ತೀರ್ಪುಗಳು ಕೆಲಸ ಮಾಡಿವೆ. ಎರಡನ್ನೂ ಬಿಟ್ಟು ಆಶಯಗಳನ್ನಷ್ಟೇ ನುಡಿದವುಗಳಿಗೆ ಹೆಚ್ಚೇನೂ ಮಾಡಲಾಗಿಲ್ಲ.

ಕಾನೂನಿನ ಮಾತಿಗೆ ಹೋಗುವ ಮೊದಲು ವಿಜ್ಞಾನದ ಒಂದು ಸಂಗತಿಯನ್ನು ಗಮನಿಸಬೇಕು, ಏಕೆಂದರೆ ಈ ಪ್ರಶ್ನೆಯನ್ನು ಉಳಿದ ಮಾಲಿನ್ಯದ ಪ್ರಶ್ನೆಗಳಿಂದ ಬೇರೆ ಮಾಡುವುದು ಅದೇ. ಊರಿನ ಮೇಲೆ ಕವಿದ ಹೊಗೆ, ಕಾರಣವಾದ ಒಲೆಯನ್ನೋ ಚಿಮಣಿಯನ್ನೋ ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಚದುರುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಈ ಶತಮಾನದ ಕೊನೆಯವರೆಗೆ ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇಕಡಾ 15ರಿಂದ 40ರಷ್ಟು ಭಾಗ ಸಾವಿರ ವರ್ಷಗಳಾಚೆಗೂ ವಾತಾವರಣದಲ್ಲಿ ಉಳಿಯುತ್ತದೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ತನ್ನ ಐದನೆಯ ವರದಿಯಲ್ಲಿ ಅಂದಾಜು ಮಾಡಿದೆ. ಕೈಗಾರಿಕಾ ಯುಗದ ಮೊದಲು ವಾತಾವರಣದಲ್ಲಿ ಇದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 280 ಭಾಗ ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ನಿರಂತರ ಅಳತೆ ಆರಂಭವಾದಾಗ 315ರ ಆಸುಪಾಸಿನಲ್ಲಿತ್ತು. ಈಗ 420ನ್ನು ದಾಟಿದೆ. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ತಡೆದು ನಿಲ್ಲಿಸಿದರೂ ಮುಂದಿನ ಎರಡು ಸಾವಿರ ವರ್ಷಗಳಲ್ಲಿ ಸಮುದ್ರ ಎರಡರಿಂದ ಮೂರು ಮೀಟರ್ ಏರಬಹುದೆಂದು, 2 ಡಿಗ್ರಿಗೆ ನಿಂತರೆ ಎರಡರಿಂದ ಆರು ಮೀಟರ್ ಏರಬಹುದೆಂದು ಅದೇ ಸಮಿತಿಯ ಆರನೆಯ ವರದಿ ಹೇಳುತ್ತದೆ. ಅರ್ಧ ಡಿಗ್ರಿಯ ಈ ಅಂತರದ ಬಗ್ಗೆ ತೀರ್ಮಾನ ಮಾಡುತ್ತಿರುವವರು ನಾವು. ಅದರ ಫಲವನ್ನು ಕರಾವಳಿಯಲ್ಲಿ ನಿಂತು ಅನುಭವಿಸುವವರಿಗೆ ನಮ್ಮ ಹೆಸರೂ ಗೊತ್ತಿರುವುದಿಲ್ಲ.

ಹಾಗೆಂದು ಕಾನೂನಿನ ಭಾಷೆಗೆ ಮುಂದಿನ ಪೀಳಿಗೆ ಎಂಬ ಮಾತು ಹೊಸದೇನೂ ಅಲ್ಲ. ತಿಮಿಂಗಿಲ ಬೇಟೆಯನ್ನು ನಿಯಂತ್ರಿಸುವ 1946ರ ಅಂತರರಾಷ್ಟ್ರೀಯ ಒಪ್ಪಂದದ ಪೀಠಿಕೆಯಲ್ಲೇ ಈ ಸಂಪತ್ತನ್ನು ಮುಂದಿನ ಪೀಳಿಗೆಗಳಿಗಾಗಿ ಕಾಪಾಡುವ ಆಶಯವಿದೆ. 1972ರ ಸ್ಟಾಕ್‌ಹೋಮ್ ಘೋಷಣೆ, 1992ರ ರಿಯೋ ಘೋಷಣೆ, 1997ರ ಯುನೆಸ್ಕೋ ಘೋಷಣೆ, 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಭವಿಷ್ಯದ ಪೀಳಿಗೆಗಳ ಘೋಷಣೆ, ಎಲ್ಲವೂ ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ನ್ಯಾಯಾಧೀಶರು ಕಾನೂನನ್ನು ಅರ್ಥೈಸುವಾಗ ಇವೇ ಆಧಾರವಾಗುತ್ತವೆ. ಆದರೆ ಪೀಠಿಕೆಯಲ್ಲಿ ಬರೆದ ಮಾತಿನ ಮೇಲೆ ದಾವೆ ಹೂಡಿ ಆದೇಶ ಪಡೆಯುವುದು ಕಷ್ಟ.

ದಾವೆ ಹೂಡಲು ಸಾಧ್ಯವೆಂದು ಮೊದಲು ಗಟ್ಟಿಯಾಗಿ ಹೇಳಿದ್ದು ಫಿಲಿಪೀನ್ಸ್‌ನ ಸರ್ವೋಚ್ಚ ನ್ಯಾಯಾಲಯ, 1993ರ ಜುಲೈನಲ್ಲಿ. ಒಂದಷ್ಟು ಮಕ್ಕಳು ತಮ್ಮ ಹೆತ್ತವರ ಮೂಲಕ ಅರ್ಜಿ ಸಲ್ಲಿಸಿ, ಮರ ಕಡಿಯಲು ಸರ್ಕಾರ ಕೊಟ್ಟಿದ್ದ ಪರವಾನಗಿಗಳನ್ನು ರದ್ದು ಮಾಡಬೇಕೆಂದು ಕೇಳಿದ್ದರು. ಇಪ್ಪತ್ತೈದು ವರ್ಷಗಳ ಹಿಂದೆ ದೇಶದಲ್ಲಿ 1.6 ಕೋಟಿ ಹೆಕ್ಟೇರ್ ಮಳೆಕಾಡು ಇತ್ತು, 1987ರ ಉಪಗ್ರಹ ಚಿತ್ರಗಳ ಪ್ರಕಾರ ಉಳಿದಿರುವುದು 12 ಲಕ್ಷ ಹೆಕ್ಟೇರ್ ಮಾತ್ರ ಎಂಬುದು ಅರ್ಜಿಯಲ್ಲಿದ್ದ ಲೆಕ್ಕ. ತಮ್ಮ ಪರವಾಗಿ ಮಾತ್ರವಲ್ಲ, ಇನ್ನೂ ಹುಟ್ಟದ ಪೀಳಿಗೆಗಳ ಪರವಾಗಿಯೂ ಅವರು ದಾವೆ ಹೂಡಬಹುದೆಂದು ನ್ಯಾಯಮೂರ್ತಿ ಹಿಲಾರಿಯೊ ಡವಿಡೆ ಬರೆದ ತೀರ್ಪು ಒಪ್ಪಿಕೊಂಡಿತು. ಸಮತೋಲಿತ, ಆರೋಗ್ಯಕರ ಪರಿಸರದ ಹಕ್ಕನ್ನು ಸಂವಿಧಾನದಲ್ಲಿ ಬರೆಯುವ ಅಗತ್ಯವೂ ಇಲ್ಲ, ಅದು ಮನುಕುಲದ ಆರಂಭದಿಂದಲೇ ಇದೆ ಎಂಬ ಭಾವದ ಮಾತುಗಳು ಅದರಲ್ಲಿವೆ. ಈ ತೀರ್ಪನ್ನು ಜಗತ್ತಿನಾದ್ಯಂತ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಓದುವಾಗ ಅದರ ಕೊನೆಯ ಭಾಗವನ್ನು ಹಲವರು ಗಮನಿಸುವುದಿಲ್ಲ: ನ್ಯಾಯಾಲಯ ಪರವಾನಗಿಗಳನ್ನು ರದ್ದು ಮಾಡಲಿಲ್ಲ, ಕೆಳಗಿನ ನ್ಯಾಯಾಲಯ ವಜಾ ಮಾಡಿದ್ದ ದಾವೆಯನ್ನು ವಿಚಾರಣೆಗಾಗಿ ಅಲ್ಲಿಗೇ ಹಿಂದಿರುಗಿಸಿತು. ಬಾಗಿಲು ತೆರೆಯಿತು, ಒಳಗಿನ ಕೆಲಸ ಬಾಕಿ ಉಳಿಯಿತು. ಆದರೂ ಲೆಕ್ಕ ಕೇಳುವ ಅಧಿಕಾರದ ಮಟ್ಟಿಗೆ ಅದಕ್ಕಿಂತ ದೊಡ್ಡ ಹೆಜ್ಜೆ ಆವರೆಗೆ ಬಿದ್ದಿರಲಿಲ್ಲ.

ಇಲ್ಲಿ ಒಂದು ತಾತ್ವಿಕ ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಹಕ್ಕು ಎಂದರೆ ಅದನ್ನು ಹೊಂದಿದ ವ್ಯಕ್ತಿ ಇರಬೇಕು. ಇನ್ನೂ ಇಲ್ಲದ ವ್ಯಕ್ತಿಗೆ ಹಕ್ಕು ಎಲ್ಲಿಂದ ಬಂತು ಎಂಬುದು ಅದರ ಮೊದಲ ರೂಪ. ಇದಕ್ಕೆ ಉತ್ತರ ಅಷ್ಟೇನೂ ಕಠಿಣವಲ್ಲ. ಕಾರ್ಖಾನೆಯೊಂದು ಇಂದು ಶಿಶು ಆಹಾರದ ಡಬ್ಬಿಯಲ್ಲಿ ವಿಷಕಾರಿ ವಸ್ತು ಸೇರಿಸಿ ಮಾರುಕಟ್ಟೆಗೆ ಬಿಡುತ್ತದೆ. ಆ ಡಬ್ಬಿಯನ್ನು ಒಂದು ವರ್ಷದ ನಂತರ ತೆರೆದು, ಆರು ತಿಂಗಳ ಹಿಂದೆಯಷ್ಟೇ ಹುಟ್ಟಿದ ಮಗುವಿಗೆ ಉಣಿಸಲಾಗುತ್ತದೆ. ತಪ್ಪು ನಡೆದಾಗ ಮಗು ಹುಟ್ಟಿರಲಿಲ್ಲ, ಆದ್ದರಿಂದ ಹೊಣೆ ಇಲ್ಲ ಎಂದು ಕಾರ್ಖಾನೆ ಹೇಳಿದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ತಪ್ಪಿನ ಕಾಲ ಬೇರೆ, ಗಾಯದ ಕಾಲ ಬೇರೆ. ಗಾಯವಾದ ಕಾಲಕ್ಕೆ ಗಾಯಗೊಳ್ಳಬಲ್ಲ ಒಬ್ಬರಿದ್ದರೆ ಸಾಕು.

ಎರಡನೆಯ ರೂಪ ಹೆಚ್ಚು ಸೂಕ್ಷ್ಮವಾದದ್ದು. ಇಂಗ್ಲೆಂಡಿನ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ ಇದನ್ನು ಮುಂದಿಟ್ಟರು. ಇಂದಿನ ನೀತಿಗಳು ಯಾರು ಯಾರನ್ನು ಯಾವಾಗ ಭೇಟಿಯಾಗುತ್ತಾರೆ, ಯಾವ ಮಕ್ಕಳು ಹುಟ್ಟುತ್ತಾರೆ ಎಂಬುದನ್ನೇ ಬದಲಿಸುತ್ತವೆ. ನಾವು ಬೇರೆ ನೀತಿ ಅನುಸರಿಸಿದ್ದರೆ 2150ರಲ್ಲಿ ಬದುಕುವವರು ಬೇರೆಯೇ ಜನರಾಗಿರುತ್ತಿದ್ದರು. ಹಾಗಾದರೆ ಹಾಳಾದ ಭೂಮಿಯಲ್ಲಿ ಹುಟ್ಟಿದ ವ್ಯಕ್ತಿ ತನಗೆ ಅನ್ಯಾಯವಾಯಿತೆಂದು ಹೇಗೆ ದೂರುತ್ತಾಳೆ, ಇಲ್ಲದಿದ್ದರೆ ಅವಳು ಹುಟ್ಟುತ್ತಲೇ ಇರಲಿಲ್ಲವಲ್ಲ? ತರ್ಕಕ್ಕೆ ಇದು ನಿಜಕ್ಕೂ ಸವಾಲು. ಆದರೆ ಹಕ್ಕಿನ ಭಾಷೆಗೆ ಈ ಸವಾಲು ಅಷ್ಟಾಗಿ ತಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕುಡಿಯಲು ಯೋಗ್ಯವಾದ ನೀರು ಸಿಗಬೇಕೆಂಬ ಹಕ್ಕು, ನೀನು ಬೇರೊಂದು ಬದುಕಿನಲ್ಲಿ ಹೇಗಿರುತ್ತಿದ್ದೆ ಎಂಬ ಹೋಲಿಕೆಯ ಮೇಲೆ ನಿಂತಿಲ್ಲ. ಯಾರೇ ಹುಟ್ಟಲಿ, ಹುಟ್ಟಿದವರಿಗೆ ಇಷ್ಟಾದರೂ ಇರಬೇಕು ಎಂಬ ಕನಿಷ್ಠ ಮಟ್ಟದ ಮೇಲೆ ನಿಂತಿದೆ. ಆ ಮಟ್ಟದ ಕೆಳಗೆ ಅವರನ್ನು ದೂಡದಿರುವುದು ನಮ್ಮ ಹೊಣೆ. ಅವರ ಹೆಸರುಪಟ್ಟಿ ನಮ್ಮ ಕೈಯಲ್ಲಿ ಇರಬೇಕಾಗಿಲ್ಲ.

ಅಮೆರಿಕದ ಕಾನೂನು ವಿದ್ವಾಂಸೆ ಈಡಿತ್ ಬ್ರೌನ್ ವೈಸ್ 1980ರ ದಶಕದಲ್ಲಿ ಈ ಹೊಣೆಯನ್ನು ಮೂರು ಮಾತುಗಳಲ್ಲಿ ಬಿಡಿಸಿಟ್ಟರು: ಮುಂದಿನವರ ಆಯ್ಕೆಗಳನ್ನು ಉಳಿಸುವುದು, ಭೂಮಿಯ ಗುಣಮಟ್ಟವನ್ನು ನಮಗೆ ಸಿಕ್ಕಿದ್ದಕ್ಕಿಂತ ಕೆಡಿಸದೆ ದಾಟಿಸುವುದು, ಅದನ್ನು ಬಳಸುವ ಅವಕಾಶವನ್ನು ಎಲ್ಲರಿಗೂ ನ್ಯಾಯವಾಗಿ ಒದಗಿಸುವುದು. ಈ ಮೂರರಲ್ಲಿ ಹವಾಮಾನದ ಮಟ್ಟಿಗೆ ಮೊದಲನೆಯದೇ ಅತಿ ಮುಖ್ಯವೆಂದು ನನಗೆ ಅನಿಸುತ್ತದೆ. ಅದಕ್ಕೆ ಕಾರಣ ಜರ್ಮನಿಯ ಒಂದು ತೀರ್ಪು. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಜರ್ಮನಿ 2019ರ ಡಿಸೆಂಬರ್‌ನಲ್ಲಿ ಹವಾಮಾನ ರಕ್ಷಣಾ ಕಾಯ್ದೆಯನ್ನು ಮಾಡಿತು. 1990ಕ್ಕೆ ಹೋಲಿಸಿದರೆ 2030ರೊಳಗೆ ಹಸಿರುಮನೆ ಅನಿಲಗಳನ್ನು ಕನಿಷ್ಠ ಶೇಕಡಾ 55ರಷ್ಟು ಇಳಿಸಬೇಕೆಂದು ಅದು ವಿಧಿಸಿತು. 2030ರ ನಂತರ ಏನು ಎಂಬುದರ ಬಗ್ಗೆ ಅಳೆಯಬಹುದಾದ ಯಾವ ವಿವರವೂ ಅದರಲ್ಲಿರಲಿಲ್ಲ. ಯುವಜನರು, ಮಕ್ಕಳು, ಜೊತೆಗೆ ಬಾಂಗ್ಲಾದೇಶ ಮತ್ತು ನೇಪಾಳದ ಕೆಲವರು ಸಂವಿಧಾನ ನ್ಯಾಯಾಲಯದ ಮೊರೆಹೋದರು. 2021ರ ಮಾರ್ಚ್ 24ರಂದು ನ್ಯಾಯಾಲಯ ಕೊಟ್ಟ ಆದೇಶ ಏಪ್ರಿಲ್ 29ರಂದು ಪ್ರಕಟವಾಯಿತು.

ನ್ಯಾಯಾಲಯ ಮಾಡಿದ ಕೆಲಸ ಸರಳವಾದದ್ದು. ಕೂಡುವ ಕಳೆಯುವ ಲೆಕ್ಕದಂಥದ್ದು. ತಾಪಮಾನವನ್ನು ಒಂದು ಮಿತಿಯಲ್ಲಿ ನಿಲ್ಲಿಸಬೇಕಾದರೆ ಜಗತ್ತು ಇನ್ನು ಇಷ್ಟೇ ಇಂಗಾಲವನ್ನು ಹೊರಬಿಡಬಹುದು ಎಂಬ ಒಟ್ಟು ಮೊತ್ತ ಒಂದಿದೆ. ಅದರಲ್ಲಿ ಜರ್ಮನಿಯ ಪಾಲು 2020ರಿಂದ ಮುಂದಕ್ಕೆ 6.7 ಗಿಗಾಟನ್, ಅಂದರೆ 670 ಕೋಟಿ ಟನ್, ಎಂದು ಸರ್ಕಾರದ ಪರಿಸರ ಸಲಹಾ ಮಂಡಳಿಯೇ ಲೆಕ್ಕ ಹಾಕಿತ್ತು. ಕಾಯ್ದೆ ಅನುಮತಿಸಿದ ವೇಗದಲ್ಲಿ ಖರ್ಚು ಮಾಡುತ್ತ ಹೋದರೆ 2030ರ ಹೊತ್ತಿಗೆ ಉಳಿಯುವುದು ಒಂದು ಗಿಗಾಟನ್‌ಗಿಂತಲೂ ಕಡಿಮೆ. ಇನ್ನು ಮುಂದಿನದನ್ನು ಊಹಿಸಿ. ಅಂದು ಇಪ್ಪತ್ತು ವರ್ಷದವಳಾಗಿದ್ದ ದೂರುದಾರಳೊಬ್ಬಳಿಗೆ 2031ರಲ್ಲಿ ಮೂವತ್ತಾಗುತ್ತದೆ. ಅವಳು ಮನೆ ಕಟ್ಟಬೇಕು, ಅದನ್ನು ಚಳಿಗಾಲದಲ್ಲಿ ಬೆಚ್ಚಗಿಡಬೇಕು, ಕೆಲಸಕ್ಕೆ ಓಡಾಡಬೇಕು, ಮಕ್ಕಳನ್ನು ಸಾಕಬೇಕು. ಇಂದಿನ ಬದುಕಿನಲ್ಲಿ ಇಂಗಾಲ ಬೆರೆಯದ ಚಟುವಟಿಕೆ ಬಹಳ ವಿರಳ. ಪೆಟ್ಟಿಗೆಯಲ್ಲಿ ಉಳಿದಿರುವುದು ಅಷ್ಟು ಕಡಿಮೆ ಇದ್ದರೆ ಆಗಿನ ಸರ್ಕಾರ ಅವಳ ಓಡಾಟ, ಉದ್ಯೋಗ, ವಾಸ ಎಲ್ಲದರ ಮೇಲೂ ಏಕಾಏಕಿ ಕಠಿಣ ನಿರ್ಬಂಧ ಹೇರಬೇಕಾಗುತ್ತದೆ, ಅದೂ ಸಂವಿಧಾನದ ಹೆಸರಿನಲ್ಲಿಯೇ. ಆದ್ದರಿಂದ ನಾಳೆಯ ಆ ನಿರ್ಬಂಧದ ಬೀಜ ಇಂದಿನ ಕಾಯ್ದೆಯ ಸಡಿಲತೆಯಲ್ಲಿಯೇ ಇದೆ. ಮೂಲಭೂತ ಸ್ವಾತಂತ್ರ್ಯದ ಉಲ್ಲಂಘನೆ ಇಂದೇ ಆಗಿದೆ ಎಂದು ನ್ಯಾಯಾಲಯ ಹೇಳಿತು. ಸ್ವಾತಂತ್ರ್ಯವನ್ನು ಕಾಲದುದ್ದಕ್ಕೂ, ತಲೆಮಾರುಗಳ ನಡುವೆ, ನ್ಯಾಯವಾಗಿ ಹಂಚಬೇಕು ಎಂಬುದು ಅದರ ತಿರುಳು.

ಈ ತೀರ್ಪಿನಲ್ಲಿ ಎಚ್ಚರದಿಂದ ಓದಬೇಕಾದ ಒಂದು ಅಂಶವಿದೆ. ಹುಟ್ಟದವರಿಗೆ ಮೂಲಭೂತ ಹಕ್ಕಿದೆ ಎಂದು ನ್ಯಾಯಾಲಯ ಹೇಳಲಿಲ್ಲ. ಹಕ್ಕು ದೊರೆತದ್ದು ಬದುಕಿರುವ ದೂರುದಾರರಿಗೆ. ಹುಟ್ಟದವರ ಬಗ್ಗೆ ಸರ್ಕಾರಕ್ಕಿರುವುದು ಸಂವಿಧಾನದ 20ಎ ವಿಧಿಯಿಂದ ಬರುವ ಕರ್ತವ್ಯ, ಅದು 1994ರಲ್ಲಿ ಸೇರಿದ ವಿಧಿ. ಇದನ್ನು ಹಿನ್ನಡೆ ಎಂದು ಕೆಲವರು ಬೇಸರಪಟ್ಟರು. ನನಗೆ ಹಾಗೆ ಅನಿಸುವುದಿಲ್ಲ. ಇಂದಿನ ಇಪ್ಪತ್ತರ ಯುವತಿಯೂ 2080ರಲ್ಲಿ ಹುಟ್ಟುವ ಮಗುವೂ ಒಂದೇ ಪೆಟ್ಟಿಗೆಯ ಪಾಲುದಾರರು. ಮೊದಲನೆಯವಳು ತನ್ನ ಪಾಲಿನ ಲೆಕ್ಕ ಕೇಳಿದಾಗ ಪೆಟ್ಟಿಗೆಯ ಮುಚ್ಚಳ ತೆಗೆಯಲೇಬೇಕು. ಒಳಗೆ ಎಷ್ಟಿದೆ ಎಂಬುದು ಎರಡನೆಯವಳಿಗೂ ಸೇರಿದಂತೆ ಎಲ್ಲರ ಪರವಾಗಿ ಬಯಲಾಗುತ್ತದೆ. ಕೆಲವೇ ವಾರಗಳಲ್ಲಿ ಜರ್ಮನಿಯ ಸಂಸತ್ತು ಕಾಯ್ದೆಯನ್ನು ತಿದ್ದಿತು: 2030ಕ್ಕೆ ಶೇಕಡಾ 65, 2040ಕ್ಕೆ ಶೇಕಡಾ 88, 2045ಕ್ಕೆ ಇಂಗಾಲ ತಟಸ್ಥತೆ, ಅಂದರೆ ಹೊರಬಿಟ್ಟಷ್ಟನ್ನೂ ಮರಳಿ ಹೀರಿಕೊಳ್ಳುವ ಸ್ಥಿತಿ. ಬಳಿಕ 2024ರಲ್ಲಿ, ಸಾರಿಗೆ, ಕಟ್ಟಡ ಮುಂತಾದ ಒಂದೊಂದು ವಲಯಕ್ಕೂ ಪ್ರತ್ಯೇಕವಾಗಿ ಇದ್ದ ವಾರ್ಷಿಕ ಮಿತಿಯ ಬಿಗಿಯನ್ನು ಅದೇ ಸಂಸತ್ತು ಸಡಿಲಿಸಿತು ಎಂಬುದನ್ನೂ ಹೇಳಬೇಕು. ತೀರ್ಪು ಬಂದ ದಿನಕ್ಕೆ ಕಾವಲು ಮುಗಿಯುವುದಿಲ್ಲ.

ಎಲ್ಲ ಕಡೆಯೂ ಬಾಗಿಲು ತೆರೆದಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 2015ರಲ್ಲಿ 21 ಮಂದಿ ಮಕ್ಕಳು ಮತ್ತು ಯುವಜನರು ಕೇಂದ್ರ ಸರ್ಕಾರದ ವಿರುದ್ಧ ಹೂಡಿದ ದಾವೆಯಲ್ಲಿ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸೆನ್ ಭವಿಷ್ಯದ ಪೀಳಿಗೆಗಳ ಪೋಷಕರಾಗಿ ನಿಂತಿದ್ದರು. ನಾನು ಆರಂಭದಲ್ಲಿ ಹೇಳಿದ ಆ ಪೋಷಕನ ಪಾತ್ರವೇ ಇದು. ಹಾನಿ ನಿಜವೆಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಿತು, ಆದರೆ ಇಷ್ಟು ವ್ಯಾಪಕ ಪರಿಹಾರವನ್ನು ರೂಪಿಸುವುದು ಶಾಸಕಾಂಗ, ಕಾರ್ಯಾಂಗಗಳ ಕೆಲಸವೆಂದು ಹೇಳಿ ದಾವೆಯನ್ನು ಬದಿಗೆ ಸರಿಸಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸುವುದರೊಂದಿಗೆ ಹತ್ತು ವರ್ಷಗಳ ಹೋರಾಟ ಮುಗಿಯಿತು. ಅದೇ ದೇಶದ ಮೊಂಟಾನಾ ರಾಜ್ಯದಲ್ಲಿ ಮಾತ್ರ 16 ಯುವಜನರು ಗೆದ್ದರು. ಅಲ್ಲಿನ 1972ರ ಸಂವಿಧಾನ, ಸ್ವಚ್ಛ ಮತ್ತು ಆರೋಗ್ಯಕರ ಪರಿಸರವನ್ನು ಇಂದಿನ ಹಾಗೂ ಮುಂದಿನ ಪೀಳಿಗೆಗಳಿಗಾಗಿ ಕಾಪಾಡಬೇಕೆಂದು ಬಾಯಿಬಿಟ್ಟು ಹೇಳುತ್ತದೆ. ಯೋಜನೆಗಳ ಪರಿಸರ ಪರಿಶೀಲನೆಯಲ್ಲಿ ಹಸಿರುಮನೆ ಅನಿಲಗಳನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂಬ ಕಾನೂನನ್ನು 2023ರ ಆಗಸ್ಟ್‌ನಲ್ಲಿ ನ್ಯಾಯಾಲಯ ರದ್ದುಮಾಡಿತು, 2024ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಮೊದಲನೆಯದರಲ್ಲಿ ಕೇಳಿದ್ದು ಇಡೀ ದೇಶದ ಇಂಧನ ನೀತಿಯನ್ನು ಬದಲಿಸುವ ಯೋಜನೆ. ಎರಡನೆಯದರಲ್ಲಿ ಕೇಳಿದ್ದು, ಲೆಕ್ಕ ಬರೆಯಲೇಬೇಡಿ ಎಂದು ಅಧಿಕಾರಿಗಳ ಕೈಕಟ್ಟಿದ ಒಂದು ಕಲಮನ್ನು ತೆಗೆದುಹಾಕಿ ಎಂದು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಏಪ್ರಿಲ್ 9ರಂದು ಒಂದೇ ದಿನ ಎರಡು ಮುಖ ತೋರಿಸಿತು. ಪೋರ್ಚುಗಲ್‌ನ ಆರು ಮಂದಿ ಯುವಜನರು ಹಲವು ದೇಶಗಳ ವಿರುದ್ಧ ತಂದ ಅರ್ಜಿ, ಸ್ವದೇಶದ ನ್ಯಾಯಾಲಯಗಳಿಗೆ ಮೊದಲು ಹೋಗಲಿಲ್ಲ, ಬೇರೆ ದೇಶಗಳ ಮೇಲೆ ಅಧಿಕಾರ ವ್ಯಾಪ್ತಿ ಸಿದ್ಧವಾಗಲಿಲ್ಲ ಎಂಬ ಕಾರಣಗಳಿಗೆ ತಿರಸ್ಕೃತವಾಯಿತು. ಸ್ವಿಟ್ಜರ್ಲೆಂಡಿನ ವೃದ್ಧ ಮಹಿಳೆಯರ ಸಂಘ ತಂದ ಅರ್ಜಿ ಗೆದ್ದಿತು. ಬಿಸಿಲಿನ ಅಲೆಗೆ ಮೊದಲು ತುತ್ತಾಗುವವರು ತಾವು ಎಂಬುದು ಅವರ ವಾದ. ಮುಂದಿನ ಪೀಳಿಗೆಯ ಹಾದಿಯನ್ನು ಹಿರಿಯರು ತೆರೆದುಕೊಟ್ಟ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಮುಂದಿನವರ ಮೇಲೆ ಬೀಳುವ ಹೊರೆ ಹೆಚ್ಚುತ್ತಲೇ ಹೋಗುತ್ತದೆ, ಅವರು ಇಂದಿನ ನಿರ್ಧಾರಗಳಲ್ಲಿ ಭಾಗವಹಿಸಲಾರರು ಎಂಬುದನ್ನು ಆ ತೀರ್ಪು ಗುರುತಿಸಿತು. ಸಂಘಗಳಿಗೆ ದಾವೆ ಹೂಡುವ ಅರ್ಹತೆ ಕೊಡಲು ಅದನ್ನೂ ಒಂದು ಕಾರಣವಾಗಿ ಬಳಸಿತು. ಭಾರತದ ಸುಪ್ರೀಂ ಕೋರ್ಟ್ ಕೂಡ 2024ರಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಗುರುತಿಸಿತು.

ನ್ಯಾಯಾಲಯಗಳ ಹೊರಗೆ, ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಸ್ಥಳದಲ್ಲಿ ಮುಂದಿನ ಪೀಳಿಗೆಯ ಹಕ್ಕು ದಿನವೂ ತೀರ್ಮಾನವಾಗುತ್ತಿರುತ್ತದೆ. ಅದು ಯೋಜನೆಗಳ ಲಾಭನಷ್ಟ ತೂಗುವ ಪಟ್ಟಿ. ಮುಂದೆ ಆಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ಅರ್ಥಶಾಸ್ತ್ರಜ್ಞರು ಒಂದು ವಾರ್ಷಿಕ ದರವನ್ನು ಬಳಸುತ್ತಾರೆ. ನೂರು ವರ್ಷಗಳ ನಂತರ ಸಾವಿರ ಕೋಟಿಯ ಹಾನಿಯಾಗುತ್ತದೆ ಎಂದುಕೊಳ್ಳಿ. ದರ ಶೇಕಡಾ 5 ಆದರೆ ಆ ಹಾನಿಯ ಇಂದಿನ ಬೆಲೆ ಎಂಟು ಕೋಟಿಗೂ ಕಡಿಮೆ. ಬ್ರಿಟನ್ ಸರ್ಕಾರಕ್ಕಾಗಿ ನಿಕೊಲಸ್ ಸ್ಟರ್ನ್ 2006ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿದ್ದಂತೆ ಸುಮಾರು ಶೇಕಡಾ 1.4 ಆದರೆ ಅದೇ ಹಾನಿಯ ಬೆಲೆ ಸುಮಾರು 249 ಕೋಟಿ. ಮುಳುಗುವ ಊರು ಅದೇ, ಜನ ಅವರೇ. ಬದಲಾದದ್ದು ಒಂದು ಅಂಕೆ. ಇಷ್ಟು ದೊಡ್ಡ ತೀರ್ಮಾನವನ್ನು ಪಟ್ಟಿಯ ಒಂದು ಕಾಲಂ ಒಳಗೆ, ಕಾರಣ ಬರೆಯದೆ, ಯಾರ ಪ್ರಶ್ನೆಗೂ ಸಿಗದಂತೆ ಮಾಡಲು ಬಿಡುವುದು ಸರಿಯಲ್ಲ. ಯಾವ ದರ ಬಳಸಲಾಯಿತು, ಏಕೆ ಬಳಸಲಾಯಿತು ಎಂಬುದನ್ನು ಬಹಿರಂಗಪಡಿಸುವ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶ ಕಾನೂನಿನಲ್ಲಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಕಾಯಂ ಪೋಷಕರನ್ನು ನೇಮಿಸಿದ ಪ್ರಯೋಗಗಳೂ ನಡೆದಿವೆ. ಇಸ್ರೇಲ್ ಸಂಸತ್ತು 2001ರಲ್ಲಿ ಭವಿಷ್ಯದ ಪೀಳಿಗೆಗಳಿಗಾಗಿ ಆಯುಕ್ತರೊಬ್ಬರನ್ನು ನೇಮಿಸಿತು. 2006ರಲ್ಲಿ ಅವಧಿ ಮುಗಿದ ಮೇಲೆ ಆ ಸ್ಥಾನವನ್ನು ತುಂಬಲಿಲ್ಲ. ಹಂಗರಿಯಲ್ಲಿ 2008ರಿಂದ ಕೆಲಸ ಮಾಡಿದ ಸ್ವತಂತ್ರ ಆಯುಕ್ತರ ಕಚೇರಿಯನ್ನು 2012ರಲ್ಲಿ ಸಾಮಾನ್ಯ ಲೋಕಪಾಲರ ಕಚೇರಿಯೊಳಗೆ ಸೇರಿಸಿ ಉಪಸ್ಥಾನಕ್ಕೆ ಇಳಿಸಲಾಯಿತು. ವೇಲ್ಸ್‌ನ 2015ರ ಕಾಯ್ದೆಯಡಿ ನೇಮಕವಾದ ಆಯುಕ್ತರು ಇಂದಿಗೂ ಇದ್ದಾರೆ; ಅವರು ಪರಿಶೀಲಿಸಬಹುದು, ಶಿಫಾರಸು ಮಾಡಬಹುದು, ತಡೆಯುವ ಅಧಿಕಾರ ಮಾತ್ರ ಇಲ್ಲ. ಒಂದು ದೊಡ್ಡ ಹೆದ್ದಾರಿ ಯೋಜನೆಯನ್ನು ಅವರು ವಿರೋಧಿಸಿದ್ದರು, 2019ರಲ್ಲಿ ವೇಲ್ಸ್ ಸರ್ಕಾರ ವೆಚ್ಚ ಮತ್ತು ಪರಿಸರದ ಕಾರಣ ಹೇಳಿ ಅದನ್ನು ಕೈಬಿಟ್ಟಿತು. ಪ್ರಶ್ನೆ ಕೇಳುವ ಕಚೇರಿಗೆ ಮತದಾರರಿಲ್ಲ. ಅದನ್ನು ಮುಚ್ಚಿದರೆ ಬೀದಿಗಿಳಿಯಬೇಕಾದವರು ಇನ್ನೂ ಹುಟ್ಟಿಲ್ಲ. ಆದ್ದರಿಂದ ಇಂಥ ಕಚೇರಿಯನ್ನು ಸಾಮಾನ್ಯ ಕಾಯ್ದೆಯಲ್ಲಿ ಇಡದೆ ಸಂವಿಧಾನದಲ್ಲಿಯೇ ಇಡುವುದು ಒಳ್ಳೆಯದು.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಅಂದು ಆತುರದಲ್ಲಿ ಉತ್ತರಿಸಿದ್ದೆ. ಇಲ್ಲಿ ಸಾವಧಾನವಾಗಿ ಬರೆಯುತ್ತೇನೆ. ಇಂದು ಮನೆಯಲ್ಲಿ ದೀಪವಿಲ್ಲದವರು ಕೋಟಿಗಟ್ಟಲೆ ಇರುವಾಗ, ನೂರು ವರ್ಷಗಳ ನಂತರದವರ ಹಕ್ಕಿನ ಮಾತು ಉಳ್ಳವರ ಮಾತಲ್ಲವೇ ಎಂದು ಅವರು ಕೇಳಿದರು. ಆ ಅಪಾಯ ಇದೆ. ಮುಂದಿನ ಪೀಳಿಗೆಯ ಹೆಸರು ಹೇಳಿ ಇಂದಿನ ಬಡವರ ಬಾಯಿ ಮುಚ್ಚಿಸಲು ಸಾಧ್ಯ. ಆದರೆ 1992ರ ಹವಾಮಾನ ಒಪ್ಪಂದದ ಮೂರನೆಯ ವಿಧಿಯನ್ನು ತೆರೆದು ನೋಡಿದರೆ, ಇಂದಿನ ಮತ್ತು ಮುಂದಿನ ಪೀಳಿಗೆಗಳ ಹಿತಕ್ಕಾಗಿ ಹವಾಮಾನವನ್ನು ರಕ್ಷಿಸಬೇಕು ಎನ್ನುವ ಅದೇ ವಾಕ್ಯದಲ್ಲಿ, ಸಮಾನತೆಯ ಆಧಾರದ ಮೇಲೆ, ಆಯಾ ದೇಶದ ಹೊಣೆ ಮತ್ತು ಸಾಮರ್ಥ್ಯಕ್ಕೆ ತಕ್ಕಂತೆ ಎಂಬ ಮಾತೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಆಕಸ್ಮಿಕವಲ್ಲ. ಪೆಟ್ಟಿಗೆಯಿಂದ ಹೆಚ್ಚು ತೆಗೆದವರು ಯಾರು ಎಂದು ಕೇಳದೆ, ಉಳಿದುದನ್ನು ಯಾರೂ ಮುಟ್ಟಬೇಡಿ ಎನ್ನುವುದು ಲೆಕ್ಕವಾಗುವುದಿಲ್ಲ. ಮಗುವಿನ ಆಸ್ತಿಯ ಆದಾಯದಿಂದ ಮಗುವಿನ ತಂಗಿಗೆ ಅನ್ನ ಹಾಕಿದ ಪೋಷಕನನ್ನೂ, ಅದೇ ಆಸ್ತಿಯನ್ನು ಅಡವಿಟ್ಟು ತನ್ನ ಮನೆಗೆ ಇನ್ನೊಂದು ಅಂತಸ್ತು ಏರಿಸಿಕೊಂಡ ಪೋಷಕನನ್ನೂ ನ್ಯಾಯಾಲಯ ಒಂದೇ ರೀತಿ ನೋಡುವುದಿಲ್ಲ.

ಇದೇ ವಿಷಯದ ಬಗ್ಗೆ 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ತನ್ನ ಅಭಿಪ್ರಾಯ ಕೊಟ್ಟಿತು. ಅದರ ಮೂಲ 2019ರಲ್ಲಿ, ಪೆಸಿಫಿಕ್ ದ್ವೀಪಗಳ 27 ಮಂದಿ ಕಾನೂನು ವಿದ್ಯಾರ್ಥಿಗಳ ತರಗತಿಯಲ್ಲಿತ್ತು. ವನುವಾಟು ದೇಶ ಅವರ ಬೇಡಿಕೆಯನ್ನು ಎತ್ತಿಕೊಂಡಿತು, 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಮ್ಮತದಿಂದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಬಾಧ್ಯತೆ, ಅದರಲ್ಲಿ ತಪ್ಪಿದರೆ ಪರಿಹಾರದವರೆಗೂ ಹೋಗಬಹುದಾದ ಪರಿಣಾಮಗಳಿವೆ ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ತಲೆಮಾರುಗಳ ನಡುವಣ ನ್ಯಾಯವನ್ನು ಇತರ ನಿಯಮಗಳನ್ನು ಅರ್ಥೈಸುವ ಮಾರ್ಗದರ್ಶಿ ತತ್ವವಾಗಿ ಗುರುತಿಸಿತು. ಮಾರ್ಗದರ್ಶಿ ಎಂಬಲ್ಲಿಗೇ ನಿಂತಿತು, ಅದರಿಂದಾಚೆಗೆ ಯಾರು ಯಾರ ಪರವಾಗಿ ಬಂದು ನಿಲ್ಲಬಹುದು ಎಂಬುದನ್ನು ಬಿಡಿಸಿ ಹೇಳಲಿಲ್ಲ. ಅದು ಸಲಹಾ ಅಭಿಪ್ರಾಯ, ನೇರವಾಗಿ ಜಾರಿಯಾಗುವ ಆದೇಶವಲ್ಲ. ಆದರೂ ಇನ್ನು ಮುಂದೆ ಯಾವುದೇ ದೇಶದ ವಕೀಲರು ಇದನ್ನು ಬರೀ ನೈತಿಕ ಮಾತು ಎಂದು ತಳ್ಳಿಹಾಕುವುದು ಸುಲಭವಲ್ಲ.

ಒಂದು ಪ್ರಕರಣವನ್ನು ನಾನು ಕೊನೆಗೆಂದು ಉಳಿಸಿಕೊಂಡಿದ್ದೆ. 2022ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಸಂವಿಧಾನ ನ್ಯಾಯಾಲಯಕ್ಕೆ 62 ಮಂದಿ ಮಕ್ಕಳ ಪರವಾಗಿ ಒಂದು ಅರ್ಜಿ ಸಲ್ಲಿಕೆಯಾಯಿತು. ಅದರ ಮೊದಲ ಅರ್ಜಿದಾರ ಆಗ ಇಪ್ಪತ್ತು ವಾರಗಳ ಭ್ರೂಣ. ಹೆಸರಿನ್ನೂ ಇರಲಿಲ್ಲ, ಹೆತ್ತವರು ಪ್ರೀತಿಯಿಂದ ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ಇತ್ತು: ಮರಕುಟಿಗ. ಆ ದೇಶದ ಕಾಯ್ದೆ 2030ಕ್ಕೆ ಒಂದು ಗುರಿಯನ್ನೂ 2050ಕ್ಕೆ ಇಂಗಾಲ ತಟಸ್ಥತೆಯನ್ನೂ ಹೇಳಿತ್ತು, ನಡುವಿನ ವರ್ಷಗಳ ಬಗ್ಗೆ ಒಂದು ಅಂಕೆಯನ್ನೂ ಕೊಟ್ಟಿರಲಿಲ್ಲ. 2024ರ ಆಗಸ್ಟ್ 29ರಂದು, ಈ ಅರ್ಜಿಯನ್ನೂ ಇಂಥದೇ ಇತರ ಅರ್ಜಿಗಳನ್ನೂ ಒಟ್ಟಾಗಿ ತೀರ್ಮಾನಿಸಿದ ನ್ಯಾಯಾಲಯ, 2030ರ ಗುರಿ ಸಾಲದೆಂಬ ವಾದವನ್ನು ಒಪ್ಪಲಿಲ್ಲ. 2031ರಿಂದ 2049ರವರೆಗೆ ಯಾವ ಪ್ರಮಾಣವನ್ನೂ ನಿಗದಿಪಡಿಸದೆ ಬಿಟ್ಟದ್ದು ಸಂವಿಧಾನಬಾಹಿರವೆಂದು ಹೇಳಿ, ತಿದ್ದಲು 2026ರ ಫೆಬ್ರವರಿ ಕೊನೆಯವರೆಗೆ ಗಡುವು ಕೊಟ್ಟಿತು. ತೀರ್ಪು ಬಂದ ದಿನ ಮರಕುಟಿಗನಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕಾಯ್ದೆ ಖಾಲಿ ಬಿಟ್ಟಿದ್ದ ಆ ಹತ್ತೊಂಬತ್ತು ವರ್ಷಗಳು ಆರಂಭವಾಗುವಾಗ ಅವನು ಶಾಲೆಗೆ ಹೋಗುತ್ತಿರುತ್ತಾನೆ, ಮುಗಿಯುವಾಗ ಅವನಿಗೆ ಇಪ್ಪತ್ತೇಳು.